ಕಚ್ಚದ ಹಾವು

ವೇದಾವತಿ ಹೊಳೆಯ ದಂಡೆಯ ಮೇಲೆ ನುಂಕಯ್ಯನವರ ಆಶ್ರಮವಿತ್ತು. ಆಶ್ರಮ ಅಂದ ತಕ್ಷಣ ಹೋಮ, ಹೊಗೆ, ಜಿಂಕೆಮರಿ ಅಂತೆಲ್ಲ ಊಹಿಸಿಕೊಳ್ಳಬೇಡಿ. ಒಂದು ಹುಲ್ಲಿನ ಗುಡಿಸಲು, ಒಂದು ಉಗ್ರಾಣ, ಅಂಗಳದಲ್ಲಿ ಒಂದು ಬೇವಿನ ಮರ, ಅಷ್ಟೇ.

ಮರದ ಕೆಳಗೆ ಒಂದು ಕಲ್ಲುಚಪ್ಪಡಿ. ಸುತ್ತಲ ಮೂವತ್ತು ಹಳ್ಳಿಗಳ ಜನ ಅಲ್ಲಿ ಕೂತು ಮುರಿದ ಮೂಳೆ ಕಟ್ಟಿಸಿಕೊಳ್ಳುತ್ತಿದ್ದರು, ಜಾರಿದ ಕೀಲು ಕೂರಿಸಿಕೊಳ್ಳುತ್ತಿದ್ದರು.

ನುಂಕಯ್ಯನವರಿಗೆ ವಯಸ್ಸಾಗಿತ್ತು. ಅವರ ನಂತರ ಆ ಚಪ್ಪಡಿಯ ಪಕ್ಕ ನಿಲ್ಲುವವರು ಯಾರು ಅಂತ ಮೂವತ್ತು ಹಳ್ಳಿಗೂ ಚಿಂತೆ. ಶಿಷ್ಯ ಅಂತ ಇದ್ದವನು ಓಬಳೇಶ ಒಬ್ಬನೇ.

ಓಬಳೇಶ ದಡ್ಡನಲ್ಲ. ಮೂರು ವರ್ಷದಲ್ಲಿ ಮೈಯೊಳಗಿನ ಅಷ್ಟೂ ಮೂಳೆಗಳನ್ನು ಬಾಯಿಪಾಠ ಮಾಡಿದ್ದ. ಯಾವ ಊತಕ್ಕೆ ಯಾವ ಸೊಪ್ಪು, ಯಾವ ಕಾಲಿಗೆ ಎಷ್ಟಗಲ ಬಿದಿರು ಸೀಳಬೇಕು, ಎಲ್ಲ ಗೊತ್ತಿತ್ತು. ಯಾರೋ ಕೆಟ್ಟದಾಗಿ ಕಟ್ಟಿದ ಕಾಲನ್ನು ಅವನ ಅಣ್ಣ ಇವತ್ತಿಗೂ ಎಳೆದುಕೊಂಡು ನಡೆಯುತ್ತಿದ್ದ. ಅದನ್ನು ನೋಡಲಾರದೆ ಈ ವಿದ್ಯೆ ಕಲಿಯಲು ಬಂದವನು ಓಬಳೇಶ.

ತೊಂದರೆ ಒಂದೇ. ಅವನು ಮುಟ್ಟಿದರೆ ಸಾಕು, ಜನ ಕಿರುಚುತ್ತಿದ್ದರು.

ಶ್ರಾವಣದ ಒಂದು ಬೆಳಿಗ್ಗೆ ಪಾಲಮ್ಮ ಬಂದಳು. ಹೊಳೆಯಾಚೆ ಊರಿನ ಕಂಬಳಿ ನೇಯುವವಳು, ಗಟ್ಟಿ ಬಾಯಿಯ ಹೆಂಗಸು. ಟಗರು ಗುದ್ದಿ ಭುಜದ ಕೀಲು ತಪ್ಪಿತ್ತು. ನೀನೇ ನೋಡು ಅಂದರು ಗುರುಗಳು. ಓಬಳೇಶ ಹೋಗಿ ತೋಳು ಹಿಡಿದ.

ಪಾಲಮ್ಮ ಕಿರುಚಿದ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು. ಅಷ್ಟಕ್ಕೇ ಬಿಡಲಿಲ್ಲ, ಓಬಳೇಶನ ಮೊಣಕಾಲಿಗೆ ಸರಿಯಾಗಿ ಒಂದು ಒದೆ ಕೊಟ್ಟಳು.

"ಸ್ವಾಮೀ, ಈ ಮಹರಾಯನ ಕೈಗೆ ಮಾತ್ರ ನನ್ನನ್ನ ಕೊಡಬೇಡಿ" ಅಂತ ಅಂಗಲಾಚಿದಳು.

ಗುರುಗಳು ಎದ್ದು ಬಂದು ಅದೇ ತೋಳು ಹಿಡಿದರು. ಈ ಸಲ ಕರಿ ಉಣ್ಣೆ ಎಷ್ಟು ಸಿಕ್ಕಿತಮ್ಮ ಅಂತ ಕೇಳಿದರು. ಪಾಲಮ್ಮ ಲೆಕ್ಕ ಒಪ್ಪಿಸಲು ಶುರು ಮಾಡಿದಳು. ಅವಳ ಮಾತು ಮುಗಿಯುವ ಮುಂಚೆ ಕೀಲು ತನ್ನ ಜಾಗಕ್ಕೆ ಹೋಗಿ ಕೂತಿತ್ತು.

ಓಬಳೇಶನ ಮುಖ ಸಪ್ಪಗಾಯಿತು. ಪಾಲಮ್ಮ ಹೋದ ಮೇಲೆ ಗುರುಗಳ ಮುಂದೆ ಬಂದು ನಿಂತ.

"ಸುಮ್ಮನೆ ಕೂರೋ ರೋಗಿಗಳನ್ನ ಕೊಡಿ ಗುರುಗಳೇ. ಗುಣ ಮಾಡಿ ತೋರಿಸ್ತೀನಿ."

ಗುರುಗಳು ಕೇಳಿಸಿಕೊಂಡರೋ ಇಲ್ಲವೋ ಅನ್ನುವ ಹಾಗೆ ಉಗ್ರಾಣದ ಕಡೆ ನೋಡಿದರು. ಅಲ್ಲಿ ಇಲಿಗಳ ಕಾಟ ಹೇಳತೀರದಾಗಿತ್ತು. ಪಟ್ಟಿ ಕಟ್ಟುವ ಬಟ್ಟೆ, ಪಟ್ಟು ಹಾಕುವ ಉದ್ದಿನ ಹಿಟ್ಟು, ಒಂದನ್ನೂ ಉಳಿಸುತ್ತಿರಲಿಲ್ಲ.

"ಒಂದು ಹಾವು ಸಾಕೋಣ" ಅಂದರು. "ವಿಷ ಇರಬಾರದು. ಕೈಗೆ ಎತ್ತಿಕೊಂಡರೆ ಕಚ್ಚಬಾರದು. ಅಂಥ ಸಾಧು ಹಾವೊಂದನ್ನ ಆರಿಸಿಕೊಂಡು ಬಾ."

ಓಬಳೇಶ ಬೆಪ್ಪಾದ. ರೋಗಿಯ ಮಾತಿಗೂ ಹಾವಿಗೂ ಎಲ್ಲಿಯ ಸಂಬಂಧ? ಆಮೇಲೆ ರೋಗಿಗಳನ್ನು ಕೊಡುತ್ತೀರಾ ಅಂತ ಕೇಳಿದ.

"ಯುಗಾದಿ ತನಕ ಸಮಯ. ತಂದರೆ ಈ ಚಪ್ಪಡಿ ನಿನ್ನದು. ತರದಿದ್ದರೆ ಸೊಪ್ಪು ಬೇರಿನ ವಿದ್ಯೆ ಕಟ್ಟಿಕೊಂಡು ಊರಿಗೆ ಹೋಗು. ಮನುಷ್ಯರ ಮೈ ಮುಟ್ಟಬೇಡ."

ಓಬಳೇಶನಿಗೆ ಅಣ್ಣನ ಕಾಲು ನೆನಪಾಯಿತು.

ಆದರೂ ಹಾವಿನ ವಿಷಯದಲ್ಲಿ ಅವನಿಗೆ ಭಯವಿರಲಿಲ್ಲ. ಕುರಿ ಕಾಯುತ್ತಾ ಬೆಳೆದವನು. ಯಾವುದು ವಿಷದ್ದು, ಯಾವುದು ಅಲ್ಲ ಅಂತ ದೂರದಿಂದಲೇ ಹೇಳುತ್ತಿದ್ದ. ಮಾರನೆಯ ದಿನವೇ ಜೋಳದ ಹೊಲದ ಬದುವಿನಲ್ಲಿ ಮಾರುದ್ದದ ಕೇರೆ ಹಾವು ಕಂಡಿತು. ಯಾವುದೋ ಗಾಡಿಯ ಚಕ್ರ ಹರಿದು ಬಾಲದ ತುದಿ ಹೆಬ್ಬೆರಳಿನಷ್ಟು ತುಂಡಾಗಿತ್ತು. ಓಬಳೇಶ ಹಾರಿ ಅದರ ಕತ್ತು ಹಿಡಿದ. ಹಾವು ತಿರುಗಿ ಅವನ ಹೆಬ್ಬೆರಳು ಕಚ್ಚಿತು. ಅವನು ಅದನ್ನು ಹೊಲದೊಳಕ್ಕೆ ಎಸೆದು ಬಂದ.

ಗುರುಗಳು ಗಾಯ ತೊಳೆದು ಅರಿಶಿನ ಹಚ್ಚಿದರು. ಓಬಳೇಶ ಹಾವಿಗೆ ಬೈದದ್ದೇ ಬೈದದ್ದು. ಮಹಾ ಮುಂಗೋಪಿಯಂತೆ, ಬಾಲ ಬೇರೆ ಮೋಟಂತೆ, ಅದರ ಸಹವಾಸವೇ ಬೇಡವಂತೆ.

"ಕಚ್ಚಿದಾಗ ನಿನ್ನ ಕೈ ಎಲ್ಲಿತ್ತು?" ಅಂತ ಕೇಳಿದರು ಗುರುಗಳು.

ಓಬಳೇಶ ಹೆಬ್ಬೆರಳು ತೋರಿಸಿದ.

"ಕಚ್ಚಿದ ಜಾಗ ಕೇಳಲಿಲ್ಲ. ಕಚ್ಚೋ ಮುಂಚೆ ನಿನ್ನ ಕೈ ಏನು ಮಾಡ್ತಾ ಇತ್ತು?"

ಅದು ನೆನಪಿರಲಿಲ್ಲ. ಹಾವು ಹಿಡಿಯುವಾಗ ಕೈಯನ್ನು ಯಾರು ನೋಡುತ್ತಾ ಕೂರುತ್ತಾರೆ? ಗುರುಗಳಿಗೆ ಅರಳುಮರಳು ಶುರುವಾಯಿತು ಅಂದುಕೊಂಡ.

ಮುಂದಿನ ತಿಂಗಳು ಮರಳು ಅಗೆದು ಎರಡು ತಲೆ ಹಾವೊಂದನ್ನು ತಂದ. ಬಾಲವೂ ತಲೆಯ ಹಾಗೇ ಮೊಂಡಾಗಿರುವ ಹಾವು ಅದು. ಕಲಸಿದ ರಾಗಿ ಹಿಟ್ಟಿನಂತೆ ಕೈಯಲ್ಲಿ ಬಿದ್ದುಕೊಂಡಿತ್ತು. ಗೆದ್ದೆ ಅಂತ ಓಬಳೇಶ ಕುಣಿದಾಡಿದ. ಉಗ್ರಾಣಕ್ಕೆ ಬಿಟ್ಟರೆ ಅದು ಮೂಲೆಯ ಮಣ್ಣಿನೊಳಗೆ ಹೂತುಕೊಂಡು ಹತ್ತು ದಿನ ಜಪ್ಪಯ್ಯ ಅಂದರೂ ಹೊರಗೆ ಬರಲಿಲ್ಲ. ಇಲಿಗಳು ಅದರ ನೆತ್ತಿಯ ಮೇಲೇ ಓಡಾಡಿದವು.

ಪಾಪ, ಇದನ್ನು ಇದರ ಮರಳಿಗೆ ಬಿಟ್ಟು ಬಾ ಅಂದರು ಗುರುಗಳು.

ಮಾರ್ಗಶಿರದ ಚಳಿಯಲ್ಲಿ ಇನ್ನೊಂದು ಸಿಕ್ಕಿತು. ಬೆಳಿಗ್ಗೆ ಬಂಡೆಯ ಕೆಳಗೆ ಒಂದು ಕೇರೆ ಹಾವು ಮಲಗಿತ್ತು. ಎತ್ತಿದರೆ ಮಿಸುಕಲಿಲ್ಲ. ಹೆಗಲ ಮೇಲೆ ವಲ್ಲಿಯ ಹಾಗೆ ಹಾಕಿಕೊಂಡರೂ ಮಿಸುಕಲಿಲ್ಲ. ಓಬಳೇಶ ಎದೆ ಉಬ್ಬಿಸಿಕೊಂಡು ಅಂಗಳಕ್ಕೆ ಬಂದ, ಇಂಥ ಸಾಧು ಪ್ರಾಣಿಯನ್ನು ಹುಟ್ಟಿದಾಗಿನಿಂದ ನೋಡಿಲ್ಲ ಅಂತ ಬಿಸಿಲಲ್ಲಿ ನಿಂತು ಬಣ್ಣಿಸತೊಡಗಿದ. ಬಣ್ಣನೆ ಅರ್ಧಕ್ಕೆ ಬರುವ ಹೊತ್ತಿಗೆ ಬಿಸಿಲು ಹಾವಿಗೆ ತಾಗಿತು. ಅದು ಮೈಮುರಿದು ಎದ್ದು ಅವನ ಕಿವಿ ಕಚ್ಚಿ, ಕೈ ಹಾಕಲು ಹೋದವನ ಮುಂಗೈಯನ್ನೂ ಕಚ್ಚಿ, ಬೇಲಿ ದಾಟಿ ಹೋಯಿತು.

ಗುರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅದು ಸಾಧುವಾಗಿರಲಿಲ್ಲ ಕಣಪ್ಪ, ಅದಕ್ಕೆ ಚಳಿಯಾಗಿತ್ತು" ಅಂದರು. ನಗು ನಿಂತ ಮೇಲೆ ಅದೇ ಪ್ರಶ್ನೆ. ಕೈ ಏನು ಮಾಡ್ತಾ ಇತ್ತು?

ಆಮೇಲೆ ಎಷ್ಟು ಹಾವು ಸಿಕ್ಕವು, ಎಷ್ಟು ಕಚ್ಚಿದವು ಅಂತ ಓಬಳೇಶನೇ ಎಣಿಸುವುದು ಬಿಟ್ಟ. ಒಂದಕ್ಕೆ ಸಿಡುಕ ಅಂತ, ಇನ್ನೊಂದಕ್ಕೆ ಜಗಳಗಂಟಿ ಅಂತ ಹೆಸರಿಟ್ಟ. ಎರಡೂ ಕೈ ಮುಳ್ಳುಗಂಟಿಯೊಳಗೆ ಹೊಕ್ಕು ಬಂದಂತಾಗಿದ್ದವು. ಪ್ರತಿ ಸಲವೂ ಅರಿಶಿನ, ಪ್ರತಿ ಸಲವೂ ಅದೇ ಪ್ರಶ್ನೆ. ಪುಷ್ಯ ಮಾಸದ ಒಂದು ಮಧ್ಯಾಹ್ನ ಅವನಿಗೆ ತಲೆ ಕೆಟ್ಟು ಹೋಯಿತು.

"ಕಚ್ಚೋದು ಹಾವು. ನೀವು ವಿಚಾರಣೆ ಮಾಡೋದು ನನ್ನ ಕೈಯನ್ನ. ಇದು ಯಾವ ನ್ಯಾಯ ಗುರುಗಳೇ?"

"ಹಾವು ನನ್ನ ಶಿಷ್ಯ ಅಲ್ಲವಲ್ಲ" ಅಂದರು ಗುರುಗಳು.

ಅವತ್ತು ಓಬಳೇಶ ಊಟ ಬಿಟ್ಟು ಹೊಳೆಯ ದಂಡೆಯಲ್ಲಿ ಕೂತ. ಯುಗಾದಿಗೆ ಎರಡೂವರೆ ತಿಂಗಳೂ ಉಳಿದಿರಲಿಲ್ಲ. ಬರಿಗೈಯಲ್ಲಿ ಊರಿಗೆ ಹೋಗಿ ಅಣ್ಣನ ಮುಂದೆ ಹೇಗೆ ನಿಲ್ಲುವುದು ಅಂತ ನೆನೆದು ಅವನಿಗೆ ಅಳುವೇ ಬಂತು.

ಅತ್ತು ಹಗುರಾದ ಮೇಲೆ ಒಂದು ನಿರ್ಧಾರ ಮಾಡಿದ. ಹಾವು ಸಿಗಲಿ ಬಿಡಲಿ, ಮುದುಕರ ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟೇ ಹೋಗುವುದು. ಹಾಗಾಗಿ ಮರುದಿನದಿಂದ ಹಾವು ಹಿಡಿಯುವಾಗ ಹಾವನ್ನಲ್ಲ, ತನ್ನ ಕೈಯನ್ನು ನೋಡತೊಡಗಿದ.

ನೋಡಿದರೆ, ಕೈ ಮೇಲಿನಿಂದ ಎರಗುತ್ತಿತ್ತು. ಹದ್ದು ಬರುವುದೂ ಹಾಗೇ. ಮುಟ್ಟುವ ಮುಂಚೆಯೇ ಕಟ್ಟಿಗೆಯಂತೆ ಸೆಟೆದಿರುತ್ತಿತ್ತು. ಮುಟ್ಟಿದ ಮೇಲೆ ಬಿಗಿಯುತ್ತಿತ್ತು, ಹಾವು ಕೊಸರಿದಷ್ಟೂ ಇನ್ನಷ್ಟು ಬಿಗಿಯುತ್ತಿತ್ತು. ಆಗೆಲ್ಲ ಅವನು ಉಸಿರನ್ನೂ ಹಿಡಿದಿರುತ್ತಿದ್ದ. ಇದು ನನ್ನ ಕೈಯೇ ಅಂತ ಅವನಿಗೆ ನಾಚಿಕೆಯಾಯಿತು.

ಮಾಘದಲ್ಲಿ ಕೈಯನ್ನು ಪಕ್ಕದಿಂದ, ನೆಲ ಸವರಿಕೊಂಡು ತಂದ. ಹಾವಿನ ಭಾರವನ್ನು ಕೆಳಗಿನಿಂದ ಹೊತ್ತ. ಅದು ಮುಂದೆ ಹೋಗಬೇಕೆಂದರೆ ಹೋಗಲು ಬಿಟ್ಟು, ಹೋಗುವ ದಾರಿಗೆ ಇನ್ನೊಂದು ಕೈ ಹಿಡಿದ. ಒಂದೆರಡು ಕಚ್ಚಿದವು. ಆಮೇಲೆ ವಾರಕ್ಕೊಂದು ಕಚ್ಚಿತು. ಆಮೇಲೆ ಕಚ್ಚುವ ಮಾತೇ ಅವನಿಗೆ ಮರೆತು ಹೋಯಿತು.

ಯುಗಾದಿಗೆ ಎಂಟು ದಿನವಿರುವಾಗ ಕಳ್ಳಿ ಬೇಲಿಯ ಕೆಳಗೆ ಮಾರುದ್ದದ ಕೇರೆ ಹಾವೊಂದು ಮಲಗಿತ್ತು. ಓಬಳೇಶ ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೈ ಕೊಟ್ಟ. ಹಾವು ನಾಲಗೆಯಿಂದ ಅವನ ಮಣಿಕಟ್ಟು ಮುಟ್ಟಿ ನೋಡಿತು, ಅಂಗೈ ಹತ್ತಿತು, ತೋಳು ಸುತ್ತಿಕೊಂಡು ಮೊಣಕೈ ತನಕ ಬಂತು. ಓಬಳೇಶ ಹಾವು ಹಾಕಲು ತಂದಿದ್ದ ಚೀಲವನ್ನು ಅಲ್ಲೇ ಬಿಟ್ಟು ಹಾವನ್ನು ತೋಳಲ್ಲೇ ಇಟ್ಟುಕೊಂಡು ನಡೆದ.

"ಸಿಕ್ಕಿತು ಗುರುಗಳೇ. ಎಂಟು ತಿಂಗಳು ಹುಡುಕಿದೆ. ಈ ಹೊಳೆ ದಂಡೆಯಲ್ಲೆಲ್ಲ ಇಂಥ ಸಾಧು ಹಾವು ಇದೊಂದೇ."

ಗುರುಗಳು ಹಾವನ್ನು ನೋಡಿದರು, ಅವನನ್ನು ನೋಡಿದರು.

"ಬಾಲ ನೋಡಿದೆಯಾ?"

ಓಬಳೇಶ ಬಾಲ ನೋಡಿದ. ತುದಿಯಲ್ಲಿ ಹೆಬ್ಬೆರಳಿನಷ್ಟು ತುಂಡಾಗಿತ್ತು. ಹಳೆಯ ಗಾಯ, ಮಾದು ನುಣುಪಾಗಿತ್ತು.

ಅವನು ಚಪ್ಪಡಿಯ ಮೇಲೆ ಕೂತು, ಇದೇ ಹಾವು ಮೊದಲ ಸಲ ಕಚ್ಚಿದ್ದ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ. ಹಾವು ಅವನ ಅಂಗಿಯೊಳಗೆ ಮೂತಿ ತೂರಿಸಿ ನೆರಳು ಹುಡುಕುತ್ತಿತ್ತು.

"ಬಿಸಿಲಾಗಿದೆ. ಉಗ್ರಾಣದ ಬಾಗಿಲು ತೆಗಿ" ಅಂದರು ಗುರುಗಳು. ಚಪ್ಪಡಿಯ ಮಾತು ಅವರೂ ಎತ್ತಲಿಲ್ಲ, ಇವನೂ ಕೇಳಲಿಲ್ಲ.

ಯುಗಾದಿಯ ಹಿಂದಿನ ದಿನ ಗುರುಗಳು ಬಿದಿರು ಕಡಿಯಲು ಹೊಳೆಗೆ ಇಳಿದವರು ಪಾಚಿಗಲ್ಲಿನ ಮೇಲೆ ಕಾಲು ಜಾರಿ ಬಿದ್ದರು. ಅಲ್ಲೇ ಉಣ್ಣೆ ತೊಳೆಯುತ್ತಿದ್ದ ಪಾಲಮ್ಮ ಅವರನ್ನು ಹಿಡಿದು ನಡೆಸಿಕೊಂಡು ಬಂದಳು. ಬಲಗೈ ನೇತಾಡುತ್ತಿತ್ತು. ಭುಜದ ಕೀಲು ತಪ್ಪಿತ್ತು. ಮುಖವೆಲ್ಲ ಬೆವರು.

ಪಾಲಮ್ಮ ಓಬಳೇಶನನ್ನು ಕಂಡವಳೇ ಗಾಡಿ ಕಟ್ಟಿಸುತ್ತೇನೆ ಅಂದಳು. ಮೇಗಳ ಊರಲ್ಲಿ ಇನ್ನೊಬ್ಬ ಮೂಳೆ ಕಟ್ಟುವವನಿದ್ದಾನಂತೆ, ಅರ್ಧ ದಿನದ ದಾರಿ, ಈ ಹುಡುಗನ ಕೈಗೆ ಮಾತ್ರ ಬೇಡ ಅಂತ ಹಟ ಹಿಡಿದಳು. ಗುರುಗಳು ಚಪ್ಪಡಿಯ ಮೇಲೆ ಕೂತು ಕಣ್ಣು ಮುಚ್ಚಿಕೊಂಡರು.

ಓಬಳೇಶ ಹತ್ತಿರ ಬಂದ. ಒಂದು ಎಳೆತ ತಪ್ಪಿದರೂ ಆ ಕೈ ಮತ್ತೆ ಯಾರ ಮೂಳೆಯನ್ನೂ ಕಟ್ಟುವುದಿಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೈ ಮುಂದೆ ಚಾಚಿದ, ಚಾಚಿದ್ದನ್ನು ನೋಡಿದ. ಕಟ್ಟಿಗೆಯಂತೆ ಸೆಟೆದಿತ್ತು.

ಅಲ್ಲೇ ನಿಲ್ಲಿಸಿದ. ಉಸಿರು ಬಿಟ್ಟ. ಪಾಲಮ್ಮ ಗೊಣಗುತ್ತಲೇ ಇದ್ದಳು, ಅವನು ಕಾದ. ಬೆರಳುಗಳು ಸಡಿಲವಾದ ಮೇಲೆ ಪಕ್ಕದಿಂದ ಬಂದು ಗುರುಗಳ ಮೊಣಕೈಯ ಕೆಳಗೆ ಅಂಗೈ ಇಟ್ಟ. ಇಡೀ ತೋಳಿನ ಭಾರ ತಾನು ಹೊತ್ತ. ಎಳೆಯಲಿಲ್ಲ, ಬಿಗಿಯಲಿಲ್ಲ. ತೋಳು ಎತ್ತ ಹೋಗಬೇಕು ಅನ್ನುತ್ತಿತ್ತೋ ಅತ್ತ ಅದರ ಜೊತೆ ಹೋದ.

"ನಮ್ಮ ಮೋಟು ಹಾವು ನಿನ್ನೆ ಇಲಿ ಹಿಡಿಯಿತಂತಲ್ಲ, ಎಲ್ಲಿ ಗುರುಗಳೇ?"

"ದೊಡ್ಡ ಹೆಗ್ಗಣವನ್ನೇ ಹಿಡಿಯಿತು, ಆ ಉದ್ದಿನ ಮೂಟೆ" ಅನ್ನುವಷ್ಟರಲ್ಲಿ ಭುಜದಲ್ಲಿ ಟಕ್ ಅಂತ ಸಣ್ಣ ಸದ್ದಾಯಿತು. "ಹಿಂದೆ" ಅಂತ ಗುರುಗಳು ಮಾತು ಮುಗಿಸಿದರು.

ಯಾವಾಗ ಶುರು ಮಾಡುತ್ತೀಯೋ ಮಾರಾಯ ಅಂತ ಪಾಲಮ್ಮ ರೇಗಿದಳು.

"ಆಯ್ತು ಕಣಮ್ಮ" ಅಂದ ಓಬಳೇಶ.

ಗುರುಗಳು ಬಲಗೈಯನ್ನು ಮೆಲ್ಲಗೆ ತೊಡೆಯಿಂದ ಎತ್ತಿ ಐದೂ ಬೆರಳು ಆಡಿಸಿ ತೋರಿಸಿದರು. ಪಾಲಮ್ಮನ ಬಾಯಿ ಕಟ್ಟಿತು. ಮೂವತ್ತು ಹಳ್ಳಿಗೆ ಕೇಳಿಸುವ ಬಾಯಿ ಅದು, ಕಟ್ಟಿದ್ದು ಅವತ್ತೊಂದೇ ದಿನ. ಆಮೇಲೆ ಅವಳು ಬಂದು ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕೂತಳು. ವರ್ಷಗಟ್ಟಲೆ ಮಗ್ಗದಲ್ಲಿ ದುಡಿದು ಊದಿಕೊಂಡಿದ್ದ ಎಡಗೈ ಮಣಿಕಟ್ಟನ್ನು ಓಬಳೇಶನ ಮುಂದೆ ಚಾಚಿದಳು.

ಓಬಳೇಶನ ಕಣ್ಣು ತುಂಬಿ ಬಂತು. ಹುಟ್ಟಿದಾಗಿನಿಂದ ಅವನಿಗೆ ಅಷ್ಟು ಸಂತೋಷ ಆಗಿರಲಿಲ್ಲ. ಮೊದಲು ಅಣ್ಣನನ್ನು ಕರೆಸಬೇಕು ಅಂದುಕೊಂಡ. ಗುರುಗಳ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ನನ್ನದೇನೂ ಇಲ್ಲ ಗುರುಗಳೇ. ನೀವು ಸುಮ್ಮನೆ ಕೂತಿದ್ರಿ, ಅದಕ್ಕೇ ಸುಲಭ ಆಯ್ತು. ನಿಮ್ಮಂಥ ಸಾಧು ರೋಗಿ ಎಲ್ಲರಿಗೂ ಸಿಗ್ತಾರಾ?"

ನುಂಕಯ್ಯನವರು ಭುಜ ನೀವಿಕೊಳ್ಳುತ್ತಾ ನಕ್ಕರು.

"ಎಂಟು ತಿಂಗಳ ಹಿಂದೆ ನೀನು ಮುಟ್ಟಿದ್ದರೆ, ನಾನೂ ಕಚ್ಚಿಬಿಡ್ತಿದ್ದೆ ಕಣೋ."