ಸೋಮವಾರದ ಸೈಕಲ್ ಬಾಳವ್ವ

ಬಹಳ ಕಾಲದ ಹಿಂದೆ, ಕರಿನೆಲದ ಒಂದು ಊರಲ್ಲಿ, ಶ್ರಾವಣದ ಎರಡನೆಯ ಸೋಮವಾರ ಬೆಳಗಿನ ಎಂಟು ಗಂಟೆಗೆ ಇದು ಆರಂಭವಾಯಿತು. ವರ್ಷ ಯಾವುದೆಂದು ಯಾರೂ ಹೇಳಲಾರರು. ವಾರವನ್ನು ಮಾತ್ರ ಯಾರೂ ಮರೆತಿಲ್ಲ.

ಆ ಊರಿನ ಸೂಲಗಿತ್ತಿ ಬಾಳವ್ವ. ವಯಸ್ಸು ಐವತ್ತೆರಡು. ಎರಡು ಹರದಾರಿ ದೂರದ ಹಳ್ಳಿಗೆ ಕೊಟ್ಟಿದ್ದ ತಂಗಿಯ ಮಗಳು ನೀಲವ್ವನಿಗೆ ಹೆರಿಗೆ ಬೇನೆ ಎದ್ದಿದೆ ಎಂದು ಸುದ್ದಿ ಬಂತು. ಆದರೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಊರಿನ ಗೌಡ ದ್ಯಾಮನಗೌಡನ ಮಾತು ಮೀರಿ ಗಾಡಿ ಕಟ್ಟುವವರೂ ಇರಲಿಲ್ಲ. ಬಾಳವ್ವ ಗೌಡನ ಅಂಗಳದಲ್ಲಿ ನಿಂತು ಬೇಡಿದಳಂತೆ. ನಾಳೆ ಬೆಳಕು ಹರಿಯುತ್ತಲೇ ಕಟ್ಟಿಸುತ್ತೇನೆ ಎಂದನಂತೆ ಗೌಡ. ಬೇನೆಗೆ ನಾಳೆ ಬಾ ಎನ್ನಲು ಬರುತ್ತದೆಯೇ? ಅವಳು ಕೆಸರಿನಲ್ಲಿ ನಡೆದಳು. ಮುಟ್ಟುವ ಹೊತ್ತಿಗೆ ನೀಲವ್ವನ ಮುಖದ ಮೇಲೆ ಸೆರಗು ಎಳೆದಿದ್ದರು.

ಅವಳು ಅಳಲಿಲ್ಲ ಎಂದು ಹೇಳುತ್ತಾರೆ. ಎತ್ತುಗಳ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಗೌಡನ ಸಾವಧಾನವನ್ನು ನೆನೆದಾಗ ಮಾತ್ರ ಮೈ ಉರಿಯುತ್ತಿತ್ತು: ವಿಭೂತಿಯ ಮೂರು ಗೆರೆ ನೆಟ್ಟಗಾಗುವವರೆಗೆ ಅವನು ಇವಳತ್ತ ತಿರುಗಿರಲಿಲ್ಲ.

ಮಣ್ಣು ಮುಗಿದ ಮೂರನೆಯ ದಿನ ಅವಳು ಟಪಾಲು ಹಂಚಿ ನಿವೃತ್ತನಾಗಿದ್ದ ರಾಚಯ್ಯನ ಮನೆಗೆ ಹೋಗಿ, ಗೋಡೆಗೆ ಒರಗಿದ್ದ ಸೈಕಲ್ ಕೇಳಿದಳು. ಅವನು ಏಕೆ ಎನ್ನದೆ ಕೊಟ್ಟನಂತೆ.

ಮಳೆ ನಿಂತ ಮೇಲೆ ಕಣದಲ್ಲಿ ಕಲಿಕೆ ಶುರುವಾಯಿತು. ನೂರು ಸಲ ಬಿದ್ದಳು ಎನ್ನುತ್ತಾರೆ. ಸಾವಿರ ಎನ್ನುವವರೂ ಇದ್ದಾರೆ. ಕಟ್ಟೆಯ ಮೇಲಿನ ಗಂಡಸರಿಗೆ ಹಬ್ಬ.

"ಯಕ್ಕಾ, ಮೊಣಕಾಲ ಚಿಪ್ಪ ಆರಿಸಾಕ ಬುಟ್ಟಿ ತರಲೇನು?"

"ತಾರೋ. ನಿನ್ನ ಹಲ್ಲಿಗೂ ಅದರಾಗ ಜಾಗಾ ಇರಲಿ!"

ಹಾಡುತ್ತ ತುಳಿ, ಹಾಡು ತುಂಡಾದರೆ ನಿಧಾನಿಸು ಎಂದು ರಾಚಯ್ಯ ಹೇಳಿಕೊಟ್ಟನಂತೆ. ಆ ವಯಸ್ಸಿನ ಉಸಿರಿಗೆ ಅದೇ ಅಳತೆ. ಅವಳು ಸೋಬಾನೆ ಹಾಡುತ್ತ ತುಳಿದಳು. ಮೊಣಕಾಲಿಗೆ ಕುಸುಬಿ ಎಣ್ಣೆ ತಿಕ್ಕಿ ತುಳಿದಳು. ಹಿಂದೆ ಜೋಳದ ಚೀಲ ಕಟ್ಟಿಕೊಂಡು ತುಳಿದಳು. ಸುಗ್ಗಿಯ ಹೊತ್ತಿಗೆ ಎರಡು ಹರದಾರಿ ತುಳಿದರೂ ಹಾಡು ತುಂಡಾಗಲಿಲ್ಲ.

ಒಂದು ದಿನ ಕೆರೆ ಏರಿಯ ಇಳಿಜಾರಿನಲ್ಲಿ ಕಾಲೆರಡನ್ನೂ ಎತ್ತಿ ಸೈಕಲ್ ಬಿಟ್ಟಳು. ಸೆರಗು ಹಾರಿತು, ಗಟ್ಟಿಯಾಗಿ ನಗು ಬಂತು. ನೀಲವ್ವನ ಊರಿನ ದಾರಿಯಲ್ಲಿ ನಕ್ಕೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತಂತೆ. ಆದರೂ ಮರುದಿನ, ಕೆಲಸವಿಲ್ಲದೆಯೂ, ಅದೇ ಇಳಿಜಾರಿಗೆ ಹೋದಳು.

ಆಮೇಲೆ ಯಾವ ಸೋಮವಾರವೂ ಅವಳನ್ನು ತಡೆಯಲಿಲ್ಲ. ಮಳೆಗಾಲದಲ್ಲಿ ಗಾಲಿಗೆ ಎರೆಮಣ್ಣು ಮೆತ್ತಿದರೆ ಬೇವಿನ ಕಡ್ಡಿಯಿಂದ ಕೆರೆದು ಮುಂದೆ ಹೋಗುತ್ತಿದ್ದಳು. ಆ ವರ್ಷ ಸೋಮವಾರ ಹುಟ್ಟಿದ ಏಳು ಕೂಸುಗಳೂ ಉಳಿದವು, ಏಳು ತಾಯಂದಿರೂ ಉಳಿದರು ಎಂದು ಹೇಳುತ್ತಾರೆ.

ಸುತ್ತಲ ಊರುಗಳು ನಗತೊಡಗಿದವು: ಗೌಡನ ಊರಲ್ಲಿ ಮುದುಕಿ ಗಂಡಸರ ಸೈಕಲ್ ತುಳಿಯುತ್ತಾಳೆ! ಗೌಡ ಅವಳನ್ನು ಚಾವಡಿಗೆ ಕರೆಸಿದ. ಇನ್ನು ಹೆರಿಗೆಗೆ ಸೋಮವಾರವೂ ಗಾಡಿ ಕಟ್ಟಿಸುತ್ತೇನೆ, ಸೈಕಲ್ ರಾಚಯ್ಯನಿಗೆ ತಿರುಗಿಸು ಎಂದ.

"ಆವತ್ತ ನಾ ಬೇಡಿದಾಗ ಕಟ್ಟಬಾರದ ಎತ್ತು, ಇವತ್ತ ನನ್ನ ಸೈಕಲ್ ಮ್ಯಾಲಿಂದ ಇಳಸಾಕ ಕಟ್ಟಬಹುದೇನ್ರಿ ಗೌಡ್ರ?"

ಮೆಟ್ಟಿಲ ಕಡೆ ಹೊರಟವಳು ತಿರುಗಿ ನಿಂತು ಮತ್ತೆ ಹೇಳಿದಳು.

"ಗಾಡಿ ಕಟ್ಟರಿ. ಬಸುರಿನ್ನ ಕರ್ಕೊಂಡು ಬರಾಕ ಬೇಕಾಕ್ಕತಿ. ಸೈಕಲ್ ಮಾತ್ರ ಕೊಡಂಗಿಲ್ಲ."

ಎಪ್ಪತ್ತರವರೆಗೆ ತುಳಿದಳು ಎನ್ನುತ್ತಾರೆ. ತೊಂಬತ್ತು ಎನ್ನುವವರೂ ಇದ್ದಾರೆ. ಇಂದಿಗೂ ಆ ಊರಿನಲ್ಲಿ ಹೆಣ್ಣಿಗೆ ಐವತ್ತು ತುಂಬಿದರೆ ಹೆಂಗಸರೆಲ್ಲ ಸೇರಿ ಅವಳನ್ನು ಸೈಕಲ್ ಹತ್ತಿಸುತ್ತಾರೆ. ಮೊದಲ ಸಲ ತುಳಿಯುವ ಮುನ್ನ, ಚಾವಡಿಯ ಮೆಟ್ಟಿಲಿಳಿಯುತ್ತ ಬಾಳವ್ವ ನಿಶ್ಚಯಿಸಿದ್ದನ್ನು ಆ ಹೆಣ್ಣಿನಿಂದ ಗಟ್ಟಿಯಾಗಿ ಹೇಳಿಸುತ್ತಾರೆ: ಇನ್ನು ಯಾರ ಅಂಗಳದಲ್ಲೂ ಗಾಡಿಗಾಗಿ ನಿಲ್ಲುವುದಿಲ್ಲ.