ಮೊನೆ ಮುರಿದ ಚಾಕು

"ಗುರುಗಳೇ, ಎಲ್ಲರೂ ಬಿಟ್ಟದ್ದನ್ನು ಒಬ್ಬನೇ ಹಿಡಿದುಕೊಂಡಿದ್ದರೆ ಅದನ್ನು ನಿಷ್ಠೆ ಎನ್ನಬೇಕೋ, ಹಠ ಎನ್ನಬೇಕೋ?"

ಕೇಳಿದವನು ಶಾಂತವೀರ. ಅವನು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಬಂದ ಹೊಸತರಲ್ಲಿ ಅವನೂ ಇನ್ನು ಮೂವರು ಶಿಷ್ಯರೂ ಕೂಡಿ ಒಂದು ನಿಯಮ ಮಾಡಿಕೊಂಡಿದ್ದರು. ಪೂಜೆಯ ನೀರನ್ನು ದಿನವೂ ಹಳ್ಳದಿಂದಲೇ ಹೊತ್ತು ತರಬೇಕು. ಮಠದ ಅಂಗಳಕ್ಕೆ ನಲ್ಲಿ ಬಂದ ಮೇಲೆ ಆ ಮೂವರೂ ಒಬ್ಬೊಬ್ಬರಾಗಿ ನಿಯಮ ಬಿಟ್ಟರು. ಶಾಂತವೀರ ನಿಯಮ ಬಿಡಲಿಲ್ಲ. ಆ ಮೂವರ ಜೊತೆ ಮಾತು ಬಿಟ್ಟ.

ಗುರುಗಳಿಗೆ ಇದು ಗೊತ್ತಿತ್ತು. ಆದರೂ ಅವನು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಲಿಲ್ಲ. ಕೂತುಕೋ ಎಂದು ಸನ್ನೆ ಮಾಡಿ, ಹೀಗೆ ಹೇಳಿದರು.

ನಮ್ಮ ಅವ್ವನ ತವರೂರಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ಕಿಸೆಯಲ್ಲಿ ಯಾವಾಗಲೂ ಒಂದು ಮಡಚುವ ಚಾಕು ಇರುತ್ತಿತ್ತು. ಗಾಜಿನ ಬಳೆಗಳು ದಾರದಲ್ಲಿ ಕಟ್ಟಿದ ಗೊಂಚಲುಗಳಾಗಿ ಬರುತ್ತವೆ. ಆ ದಾರ ಕತ್ತರಿಸಲು ಅವನಿಗೆ ಚಾಕು ಬೇಕು. ಆದರೆ ಅವನಿಗೊಬ್ಬನಿಗೇ ಚಾಕು ಇತ್ತು ಎಂದುಕೊಳ್ಳಬೇಡ. ಆ ಕಾಲದಲ್ಲಿ ದಾರಿಗೆ ಬಿದ್ದ ಗಂಡಸಿನ ಹೆಗಲ ಮೇಲೆ ವಸ್ತ್ರ ಇದ್ದ ಹಾಗೆ ಕಿಸೆಯಲ್ಲಿ ಚಾಕು ಇರುತ್ತಿತ್ತು. ಕುರಿ ಕಾಯುವವನು ಇಟ್ಟುಕೊಳ್ಳುತ್ತಿದ್ದ. ನೇಕಾರ ಇಟ್ಟುಕೊಳ್ಳುತ್ತಿದ್ದ. ಊರಿನ ಶಾನುಭೋಗರೂ ಇಟ್ಟುಕೊಳ್ಳುತ್ತಿದ್ದರು. ಅದನ್ನು ನೋಡಿ ಯಾರೂ ಹೆದರುತ್ತಿರಲಿಲ್ಲ.

ಮೂರು ಊರಿನ ದಾರಿ ಕೂಡುವಲ್ಲಿ ಒಂದು ಹುಣಸೆಮರ, ಮರದ ಹತ್ತಿರ ಒಂದು ಬಾವಿ. ಮಧ್ಯಾಹ್ನ ದಾರಿಹೋಕರು ಅಲ್ಲಿ ಬುತ್ತಿ ಬಿಚ್ಚುತ್ತಿದ್ದರು. ಒಬ್ಬ ರೊಟ್ಟಿ ತಂದಿರುತ್ತಿದ್ದ, ಒಬ್ಬ ಸೌತೆಕಾಯಿ ತಂದಿರುತ್ತಿದ್ದ. "ಚಾಕು ಕೊಡು ಒಂದಿಷ್ಟು" ಎನ್ನುವುದೇ ಅಲ್ಲಿ ಮಾತಿನ ಮೊದಲು. ಅಪರಿಚಿತನಾದರೂ ಸರಿ, ಅಲಗು ಬಿಚ್ಚಿ, ಹಿಡಿಯನ್ನು ಅವನ ಕಡೆಗೆ ತಿರುಗಿಸಿ ಕೊಡಬೇಕು. ತೆಗೆದುಕೊಂಡವನು ಕೆಲಸ ಮುಗಿಸಿ, ಒರೆಸಿ, ಮಡಚಿ ವಾಪಸು ಕೊಡಬೇಕು. ಚಾಕುವಿನ ಹಿಂದೆಯೇ ಸೌತೆಕಾಯಿಯ ಒಂದು ಹೋಳೂ ಬರುತ್ತಿತ್ತು. ಯಾವ ಊರು, ಯಾರ ಮಗ ಎಂಬ ವಿಚಾರಣೆ ಆಮೇಲೆ ನಡೆಯುತ್ತಿತ್ತು.

ಬಳೆಗಾರನಿಗೆ ಒಬ್ಬ ಗೆಳೆಯನಿದ್ದ. ಅವನು ಅದೇ ಊರಿನ ಗಾಡಿಯವನು. ಇಬ್ಬರೂ ಹರೆಯದಲ್ಲಿ ಒಂದೇ ದಿನ, ಒಬ್ಬನೇ ಕಮ್ಮಾರನ ಹತ್ತಿರ, ಕೋಣನ ಕೊಂಬಿನ ಹಿಡಿ ಇರುವ ಎರಡು ಚಾಕು ಕೊಂಡವರು. ಬಳೆಗಾರ ಬಳೆಯ ಮಲಾರ ಹೊತ್ತು ನಡೆಯುವುದನ್ನು ಕಂಡರೆ ಗಾಡಿಯವನು ಎತ್ತು ನಿಲ್ಲಿಸುತ್ತಿದ್ದ. "ಹತ್ತು. ಬಳೆ ಒಡೆದರೆ ನನ್ನನ್ನು ಕೇಳಬೇಡ" ಎನ್ನುತ್ತಿದ್ದ. ಬಳೆ ಒಡೆಯುತ್ತಿರಲಿಲ್ಲ. ಮಲಾರದ ಕೆಳಗೆ ಹಾಸಲೆಂದು ಅವನು ಗಾಡಿಯಲ್ಲಿ ಒಂದು ಹೊರೆ ಹುಲ್ಲನ್ನು ಬೇರೆಯೇ ಇಟ್ಟಿರುತ್ತಿದ್ದ.

ಒಂದು ದಿನ ಹುಣಸೆಮರದ ಕೆಳಗೆ ಎಲ್ಲರೂ ಕುಳಿತಿದ್ದರು. ಗಾಡಿಯವನ ಎತ್ತಿನ ಗೊರಸಿನ ಸಂದಿಯಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ಎತ್ತು ಕಾಲು ಊರಲಾರದೆ ನಿಂತಿತ್ತು. ಗಾಡಿಯವನ ಚಾಕು ಆಗ ಇನ್ನೊಬ್ಬನ ಕೈಯಲ್ಲಿತ್ತು. ಗಾಡಿಯವನು ಬಳೆಗಾರನ ಪಕ್ಕದಲ್ಲಿದ್ದ ಚಾಕು ತೆಗೆದುಕೊಂಡು ಹೋಗಿ ಕಲ್ಲು ಮೀಟಿದ. ಕಲ್ಲು ಬಂತು. ಅದರ ಜೊತೆಗೆ ಚಾಕುವಿನ ಮೊನೆಯೂ ಮುರಿದು ಬಿತ್ತು.

ಬಳೆಗಾರನಿಗೆ ಸಿಟ್ಟು ಬಂತು. ಹತ್ತು ಜನ ಕೂತಿದ್ದರು. ಅವರೆಲ್ಲರ ಎದುರಿಗೆ ಅವನು, "ಇದು ಚಾಕು, ಹಾರೆಯಲ್ಲ. ದನದ ಹಿಂದೆ ತಿರುಗುವವನ ಕೈಗೆ ಸಿಗುವ ಹಾಗೆ ಇಟ್ಟದ್ದು ನನ್ನದೇ ತಪ್ಪು" ಎಂದ.

ಗಾಡಿಯವನು ಚಾಕುವನ್ನು ಒರೆಸಿದ. ಮಡಚಿದ. ಬಳೆಗಾರನ ಮುಂದೆ ನೆಲದ ಮೇಲೆ ಇಟ್ಟ. ಬುತ್ತಿ ಕಟ್ಟಿಕೊಂಡು ಗಾಡಿ ಹೂಡಿ ಹೊರಟುಹೋದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಎದುರಾದರೆ ಒಬ್ಬ ಆ ಕಡೆ ನೋಡುತ್ತಿದ್ದ, ಒಬ್ಬ ಈ ಕಡೆ ನೋಡುತ್ತಿದ್ದ.

ಕಾಲ ಹೋಯಿತು. ಲಾರಿಗಳು ಬಂದವು. ಗಾಡಿಯವನು ಎತ್ತು ಮಾರಿದ, ಗಾಡಿ ಮಾರಿದ. ಕೊಂಡವನಿಗೆ ತನ್ನ ಚಾಕುವನ್ನೂ ಕೊಟ್ಟುಬಿಟ್ಟ. ಎತ್ತಿಲ್ಲದ ಮೇಲೆ ಇದು ಯಾಕೆ ಎಂದನಂತೆ. ದಾರಿಗಳಲ್ಲಿ ಬಸ್ಸು ಓಡಾಡತೊಡಗಿತು. ಹುಣಸೆಮರದ ಕೆಳಗೆ ಬುತ್ತಿ ಬಿಚ್ಚುವವರು ಕಡಿಮೆಯಾದರು. ಅಂಗಡಿಯ ಸಾಮಾನುಗಳೆಲ್ಲ ಹಲ್ಲಿನಲ್ಲಿ ಹರಿಯುವ ಪೊಟ್ಟಣಗಳಲ್ಲಿ ಬಂದವು. ಸೌತೆಕಾಯಿಯನ್ನು ಮಾರುವವನೇ ಹೆಚ್ಚಿ, ಉಪ್ಪು ಸವರಿ ಕೊಟ್ಟ. ಒಬ್ಬನ ಕಿಸೆಯಿಂದ ಚಾಕು ಹೋಯಿತು, ಇನ್ನೊಬ್ಬನ ಕಿಸೆಯಿಂದ ಹೋಯಿತು. ಯಾರೂ ಬಿಡುತ್ತೇನೆಂದು ಹೇಳಿ ಬಿಡಲಿಲ್ಲ. ಒಂದು ದಿನ ನೋಡಿದರೆ ಯಾರ ಹತ್ತಿರವೂ ಇರಲಿಲ್ಲ.

ಬಳೆಗಾರ ಮಾತ್ರ ಬಿಡಲಿಲ್ಲ. ವಾರಕ್ಕೊಮ್ಮೆ ಮಸೆಯುತ್ತಿದ್ದ. ಸಂದಿಗೆ ಒಂದು ಹನಿ ಕುಸುಬೆ ಎಣ್ಣೆ ಬಿಡುತ್ತಿದ್ದ. ಮೊನೆ ಇಲ್ಲದಿದ್ದರೂ ಅಲಗು ಹರಿತವಾಗಿಯೇ ಇತ್ತು. ಬೆಳಿಗ್ಗೆ ಅಂಗಿ ತೊಟ್ಟ ಕೂಡಲೇ ಅದನ್ನು ಕಿಸೆಗೆ ಹಾಕಿಕೊಂಡು, ಹೊರಗಿನಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ. ದಾರಿಯಲ್ಲಿ ಯಾರಾದರೂ ಗಂಟು ಬಿಚ್ಚಲು ಹೆಣಗುವುದನ್ನು ಕಂಡರೆ ನಡಿಗೆ ನಿಧಾನ ಮಾಡುತ್ತಿದ್ದ. ಅವರು ಹಲ್ಲಿನಿಂದ ಕಚ್ಚಿ ಬಿಚ್ಚಿಕೊಳ್ಳುತ್ತಿದ್ದರು. ಕೇಳುವ ಅಭ್ಯಾಸವೇ ಜನಕ್ಕೆ ಹೋಗಿತ್ತು.

ಒಮ್ಮೆ ನೆಂಟರ ಮದುವೆಗೆ ಹೋಗಿದ್ದ. ಹಿರಿಯರ ಕಾಲಿಗೆ ಬೀಳಲು ಬಗ್ಗಿದಾಗ ಚಾಕು ಕಿಸೆಯಿಂದ ಜಾರಿ ನೆಲಕ್ಕೆ ಬಿತ್ತು. ಹತ್ತಿರ ನಿಂತಿದ್ದ ಹೆಂಗಸರು ಹಿಂದೆ ಸರಿದರು. ಗಂಡಿನ ಕಡೆಯವನೊಬ್ಬ ಬಂದು, "ಮದುವೆಮನೆಗೆ ಚಾಕು ಯಾಕೆ ತಂದಿರಿ, ಯಜಮಾನರೇ?" ಎಂದು ಕೇಳಿದ. ಬಳೆಗಾರ ಚಾಕು ಎತ್ತಿ ಕಿಸೆಗೆ ಹಾಕಿಕೊಂಡ. ಹಿಂದೆ ಇಂಥ ಮನೆಗಳಲ್ಲಿ ಅವನ ಚಾಕು ಬಾಳೆಲೆ ಕೊಯ್ದಿತ್ತು, ಹಂದರದ ಹಗ್ಗ ಕೊಯ್ದಿತ್ತು, ಊಟದ ನಿಂಬೆಹಣ್ಣು ಹೆಚ್ಚಿತ್ತು. ಕೈಯಿಂದ ಕೈಗೆ ಹೋಗಿ, ಸಂಜೆಗೆ ಅವನೇ ಹುಡುಕಿಕೊಳ್ಳಬೇಕಾಗುತ್ತಿತ್ತು. ಅಂದು ಅವನು ಊಟಕ್ಕೆ ನಿಲ್ಲದೆ ಮನೆಗೆ ಬಂದ.

"ಇನ್ನಾದರೂ ಮನೆಯಲ್ಲಿ ಬಿಟ್ಟು ಹೋಗಿರಿ. ನಾಲ್ಕು ಜನ ಆಡಿಕೊಳ್ಳುತ್ತಾರೆ" ಎಂದಳು ಹೆಂಡತಿ. ಅವನು ಹೂಂ ಎಂದ. ಮರುದಿನ ಬೆಳಿಗ್ಗೆ ಚಾಕು ಮತ್ತೆ ಕಿಸೆಯಲ್ಲಿತ್ತು.

ಅವನು ಯಾಕೆ ಬಿಡಲಿಲ್ಲ ಎಂದು ಕೇಳುತ್ತೀಯಾ? ಊರಿನವರು ಅದನ್ನು ಹಳೇ ಮನುಷ್ಯನ ಚಟ ಎಂದರು. ಅವನಿಗೆ ಗೊತ್ತಿದ್ದದ್ದು ಬೇರೆ. ಯಾವತ್ತಾದರೂ ಒಂದು ದಿನ ಗಾಡಿಯವನು ಬಂದು "ಚಾಕು ಕೊಡು" ಎಂದು ಕೇಳಿಯಾನು, ಆಗ ತನ್ನ ಕಿಸೆ ಖಾಲಿ ಇರಬಾರದು. ಇಷ್ಟೇ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಹೀಗೆ ಹತ್ತೊಂಬತ್ತು ವರ್ಷ ಕಳೆದವು.

ಒಂದು ದಿನ ಬಳೆಗಾರ ವ್ಯಾಪಾರ ಮುಗಿಸಿ ಕೆರೆ ಏರಿಯ ಮೇಲೆ ಬರುತ್ತಿದ್ದ. ಕೆಳಗೆ ಏನೋ ಗದ್ದಲ. ಒಂದು ಆಕಳು ಮೇಯುತ್ತ ಮೇಯುತ್ತ ಜಾಲಿಯ ಬೊಡ್ಡೆಗೆ ಹಗ್ಗ ಸುತ್ತಿಕೊಂಡು, ಇಳಿಜಾರಿನಲ್ಲಿ ಜಾರಿ ಬಿದ್ದಿತ್ತು. ಕೊರಳ ಹಗ್ಗ ಬಿಗಿದು ನಾಲಿಗೆ ಹೊರಗೆ ಬಂದಿತ್ತು. ಏಳೆಂಟು ಜನ ಸುತ್ತ ನಿಂತಿದ್ದರು. ಇಬ್ಬರು ಆಕಳನ್ನು ಎತ್ತಲು ನೋಡುತ್ತಿದ್ದರು, ಎತ್ತಲು ಆಗುತ್ತಿರಲಿಲ್ಲ. ಒಬ್ಬ ಕುಡಗೋಲು ತರಲು ಊರಿಗೆ ಓಡಿದ್ದ. ಒಬ್ಬ ಮುದುಕ ಮೊಣಕಾಲೂರಿ ಕುಳಿತು ಗಂಟನ್ನು ಉಗುರಿನಿಂದ ಕೀಳುತ್ತಿದ್ದ. ಅವನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. "ಯಾರ ಹತ್ತಿರವಾದರೂ ಚಾಕು ಇದ್ದರೆ ಕೊಡ್ರಪ್ಪಾ" ಎನ್ನುತ್ತಿದ್ದ.

ಬಳೆಗಾರನಿಗೆ ಆ ಧ್ವನಿ ಗೊತ್ತಾಯಿತು. ಅವನ ಕೈ ಕಿಸೆಗೆ ಹೋಯಿತು. ಆದರೆ ಕಾಲು ನಿಂತಲ್ಲೇ ನಿಂತಿತು.

ಎಷ್ಟು ಹೊತ್ತು ಹಾಗೆ ನಿಂತಿದ್ದನೋ ಅವನಿಗೇ ತಿಳಿಯದು. ಹೆಚ್ಚು ಹೊತ್ತೇನಲ್ಲ. ಆದರೆ ಆ ಹೊತ್ತಿನ ಬಗ್ಗೆ ಅವನು ಮುಂದೆ ಬಹಳ ಸಲ ಹೇಳಿಕೊಂಡ. "ಅವನು ಕೇಳಲಿ ಅಂತ ಇಷ್ಟು ವರ್ಷ ಕಾದಿದ್ದೆ. ಕೇಳಿದಾಗ, ನನ್ನನ್ನೇ ಹೆಸರು ಹಿಡಿದು ಕೇಳಲಿಲ್ಲವಲ್ಲ ಅಂತ ಅನಿಸಿತು. ಮನುಷ್ಯನ ಬುದ್ಧಿ ನೋಡು" ಎನ್ನುತ್ತಿದ್ದ.

ಆಕಳು ಒಮ್ಮೆ ಕಾಲು ಝಾಡಿಸಿತು. ಬಳೆಗಾರ ಮಲಾರವನ್ನು ಏರಿಯ ಮೇಲೆ ಎಸೆದು ಕೆಳಗಿಳಿದ. ಒಂದಷ್ಟು ಬಳೆ ಒಡೆದವು. ಅಲಗು ಬಿಚ್ಚಿ, ಹಿಡಿಯನ್ನು ಮುಂದೆ ಮಾಡಿ, ಮುದುಕನ ಕೈಗೆ ಇಟ್ಟ. ಗಾಡಿಯವನು ಎಡಗೈ ಬೆರಳುಗಳನ್ನು ಹಗ್ಗಕ್ಕೂ ಕೊರಳಿಗೂ ನಡುವೆ ತೂರಿಸಿ, ಅದರ ಮೇಲೆ ಅಲಗು ಇಟ್ಟು ಎಳೆದ. ಮೂರು ಎಳೆತಕ್ಕೆ ಹಗ್ಗ ಹರಿಯಿತು. ಆಕಳು ಅಲ್ಲೇ ಮಲಗಿ ಉಸಿರಾಡಿತು. ಸ್ವಲ್ಪ ಹೊತ್ತಿಗೆ ಎದ್ದು ನಿಂತಿತು. ಸುತ್ತ ನಿಂತವರು ಒಬ್ಬೊಬ್ಬರಾಗಿ ಹೊರಟರು.

ಗಾಡಿಯವನು ಚಾಕುವನ್ನು ತನ್ನ ಧೋತರಕ್ಕೆ ಒರೆಸಿದ. ಮಡಚುವ ಮೊದಲು ಹೆಬ್ಬೆರಳು ಅಲಗಿನ ಬೆನ್ನಿನ ಮೇಲೆ ತುದಿಯವರೆಗೂ ಹೋಯಿತು. ಅಲ್ಲಿ ನಿಂತಿತು.

"ಕೊಟ್ರಪ್ಪ" ಎಂದು ಹೆಸರು ಹಿಡಿದು ಕರೆದ.

"ಹೂಂ" ಎಂದ ಬಳೆಗಾರ.

"ಹೊಸದು ತೆಗೆದುಕೊಳ್ಳಲಿಲ್ಲವೇನು?"

"ಇದೇ ನಡೀತಿತ್ತು."

ಆಮೇಲೆ ಗಾಡಿಯವನು ಒಂದು ಕೈಯಲ್ಲಿ ಆಕಳ ಕೊಂಬು, ಒಂದು ಕೈಯಲ್ಲಿ ಬಳೆಗಾರನ ತೋಳು ಹಿಡಿದುಕೊಂಡು ಮನೆಗೆ ಹೋದ. ಕಟ್ಟೆಯ ಮೇಲೆ ಕೂರಿಸಿ, ಹೆಂಡತಿಯನ್ನು ಕರೆದು, "ಹುಲಿಗೆವ್ವ, ಅದನ್ನು ತಾ" ಎಂದ. ಯಾವುದು ಎಂದು ಅವಳು ಕೇಳಲಿಲ್ಲ. ಒಳಗೆ ಹೋಗಿ, ಪೆಟ್ಟಿಗೆಯ ತಳದಿಂದ ಅರಿವೆಯಲ್ಲಿ ಸುತ್ತಿದ ಒಂದು ಚಾಕು ತಂದಳು. ಕೋಣನ ಕೊಂಬಿನ ಹಿಡಿ. ಅದೇ ಕಮ್ಮಾರನ ಕೆಲಸ. ಜಗಳವಾದ ಮರುವಾರದ ಸಂತೆಯಲ್ಲಿ ಗಾಡಿಯವನು ಅದನ್ನು ಕೊಂಡು ತಂದಿದ್ದ. ಬಳೆಗಾರನಿಗೆ ಕೊಡಬೇಕೆಂದೇ ತಂದದ್ದು.

"ಪ್ರತಿ ಹಬ್ಬಕ್ಕೂ ಹೇಳಿದೆ ಅಣ್ಣಾ, ಕೊಟ್ಟು ಬರ್ರಿ ಅಂತ" ಎಂದಳು ಹುಲಿಗೆವ್ವ. "ಮೊದಲು ಅವನು ಬಂದು ಮಾತಾಡಿಸಲಿ ಅಂದರು."

ಬಳೆಗಾರ ಚಾಕು ಬಿಚ್ಚಲು ನೋಡಿದ. ಅಲಗು ಏಳಲಿಲ್ಲ. ತುಕ್ಕು ಹಿಡಿದು ಹಿಡಿಯೊಳಗೇ ಕೂತುಬಿಟ್ಟಿತ್ತು. ಅವನು ಅದನ್ನು ಮನೆಗೆ ಒಯ್ದು ಎಂಟು ದಿನ ಎಣ್ಣೆಯಲ್ಲಿ ನೆನೆಸಿದ. ಅರ್ಧ ಬಿಚ್ಚಿಕೊಂಡಿತು. ಅದರ ಮೇಲೆ ಬರಲಿಲ್ಲ.

ಅಂದಿನಿಂದ ಇಬ್ಬರೂ ದಿನವೂ ಮಧ್ಯಾಹ್ನ ಹುಣಸೆಮರದ ಕೆಳಗೆ ಬಂದು ಕೂರುತ್ತಿದ್ದರು. ಬೇರೆ ಯಾರೂ ಅಲ್ಲಿಗೆ ಬರುತ್ತಿರಲಿಲ್ಲ. ಗಾಡಿಯವನು ಸೌತೆಕಾಯಿ ತರುತ್ತಿದ್ದ. "ಚಾಕು ಕೊಡು ಒಂದಿಷ್ಟು" ಎನ್ನುತ್ತಿದ್ದ. ಅವನಿಗೆ ಕಣ್ಣು ಕಾಣದಿದ್ದರೂ ತಾನೇ ಹೆಚ್ಚುತ್ತಿದ್ದ. ಹೋಳು ದಪ್ಪ ತೆಳ್ಳಗೆ ಆಗುತ್ತಿದ್ದವು. ಹಳೆಯ ಎತ್ತುಗಳ ಹೆಸರು ಹೇಳುತ್ತಿದ್ದ. ಯಾವ ಊರಿನ ಇಳಿಜಾರಿನಲ್ಲಿ ಗಾಡಿಯ ಕೀಲು ಮುರಿದಿತ್ತು, ಯಾವ ಮಳೆಯಲ್ಲಿ ಇಬ್ಬರೂ ಗಾಡಿಯ ಕೆಳಗೆ ಮಲಗಿದ್ದರು, ಎಲ್ಲ ನೆನೆಯುತ್ತಿದ್ದ. ಬಳೆಗಾರ ಕೇಳುತ್ತಿದ್ದ, ನಡುನಡುವೆ ತಿದ್ದುತ್ತಿದ್ದ. ಹದಿನಾಲ್ಕು ತಿಂಗಳು ಹೀಗೆ ನಡೆಯಿತು. ಶ್ರಾವಣದಲ್ಲಿ ಗಾಡಿಯವನು ತೀರಿಕೊಂಡ.

ಬಳೆಗಾರ ಆಮೇಲೂ ಬಹಳ ವರ್ಷ ಬದುಕಿದ. ಚಾಕು ಇಟ್ಟುಕೊಂಡೇ ತಿರುಗಿದ. ಆದರೆ ಆಮೇಲೆ ಅವನು ಯಾರಾದರೂ ಕೇಳಲೆಂದು ಕಾಯಲಿಲ್ಲ. ಗಂಟಿನ ಜೊತೆ ಹೆಣಗುವವರನ್ನು ಕಂಡರೆ ತಾನೇ ಹೋಗಿ, "ತಗೊಳ್ರಿ, ಚಾಕು ಇದೆ" ಎನ್ನುತ್ತಿದ್ದ. ಕೆಲವರು ತೆಗೆದುಕೊಂಡರು. ಕೆಲವರು ನಕ್ಕರು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಾಂತವೀರನ ಮುಖ ಅರಳಿತ್ತು. "ಜನ ನಕ್ಕರೂ ಹೆಂಡತಿ ಹೇಳಿದರೂ ಹತ್ತೊಂಬತ್ತು ವರ್ಷ ಒಂದು ದಿನವೂ ಬಿಡಲಿಲ್ಲ. ಹಾಗಾದರೆ ಅದು ನಿಷ್ಠೆಯೇ ಅಲ್ಲವೇ, ಗುರುಗಳೇ?" ಎಂದ.

ಗುರುಗಳು ಹೇಳಿದರು: "ಬಳೆಗಾರನ ಬಾಗಿಲಿನಿಂದ ಗಾಡಿಯವನ ಬಾಗಿಲಿಗೆ ನಲವತ್ತು ಹೆಜ್ಜೆ, ಶಾಂತವೀರ."

ಶಾಂತವೀರ ಅಂಗಳದ ಕಡೆ, ಆ ಮೂವರು ನೀರು ಹಿಡಿಯುವ ನಲ್ಲಿಯ ಕಡೆ, ತಿರುಗಿ ನೋಡಿದ.