ಮೂರು ಅಂಗೈ ಗುರುತುಗಳು

“ಗುರುಗಳೇ, ನಾಳೆಯಿಂದ ನಾನು ನ್ಯಾಯಪೀಠದಲ್ಲಿ ಕೂರಬೇಕು,” ಎಂದ ಮರಿದೇವ. “ಹಿಂಸೆ ನಡೆಯುವುದು ಮುಚ್ಚಿದ ಬಾಗಿಲ ಹಿಂದೆ. ನೊಂದವನು ಬಂದು ನ್ಯಾಯ ಕೇಳಿದರೆ ಸಾಕ್ಷಿಯನ್ನು ಎಲ್ಲಿಂದ ತರಲಿ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕುಂಬಾರನಿದ್ದ. ಅವನ ಊರಿನಲ್ಲಿ ಕೆರೆಯ ಮಣ್ಣು ತೆಗೆಯುವವರು ನ್ಯಾಯಸ್ಥಾನದ ದಫ್ತರದಲ್ಲಿ ಅಂಗೈಗೆ ಮಸಿ ಹಚ್ಚಿ ಗುರುತು ಒತ್ತಬೇಕಿತ್ತು. ಅವನೂ ಒತ್ತಿದ. ಮರುದಿನವೇ ಗುಡಿಯ ದೀಪ ಕದ್ದನೆಂದು ಕೊತ್ವಾಲ ಅವನನ್ನು ಹಿಡಿದೊಯ್ದ. ಮೂರನೆಯ ದಿನ ಕುಂಬಾರ ತಪ್ಪೊಪ್ಪಿಗೆಯ ಕಾಗದಕ್ಕೆ ಅಂಗೈ ಒತ್ತಿದ. ವರ್ಷ ಕಳೆದ ಮೇಲೆ ದೀಪ ಗುಡಿಯ ಉಗ್ರಾಣದಲ್ಲೇ ಸಿಕ್ಕಿತು. ಅವನನ್ನು ಬಿಟ್ಟರು. ಆದರೆ ಬೆರಳುಗಳು ಸೊಟ್ಟಗಾಗಿದ್ದವು. ತಿಗರಿಯ ಮೇಲೆ ಒಂದು ಮಡಕೆಯೂ ಏಳಲಿಲ್ಲ.

ಅವನು ಅಂಗೈ ಒತ್ತಿ ದೂರು ಕೊಟ್ಟ. ತನ್ನನ್ನು ಹಿಂಸಿಸಿದ್ದು ನಿಜವೆಂದು ನ್ಯಾಯಸ್ಥಾನ ಹೇಳಬೇಕು, ದುಡಿಯುವ ಕೈ ಮುರಿದವರು ತನ್ನ ಹೆಂಡತಿ ಮಕ್ಕಳನ್ನು ಸಾಕಬೇಕು, ಇಷ್ಟೇ ಅವನ ಬೇಡಿಕೆ. ಕೊತ್ವಾಲ ಏನೂ ಅರಿಯದವನಂತೆ ಬಂದು ನಿಂತ. ಕುಂಬಾರ ತಾನಾಗಿಯೇ ಒಪ್ಪಿಕೊಂಡ, ಬೆರಳು ಆಮೇಲೆ ಎಲ್ಲೋ ಬಿದ್ದು ಮುರಿದಿವೆ ಎಂದ.

ದೂರಿನ ಗುರುತನ್ನು ದಫ್ತರದ ಗುರುತಿನೊಂದಿಗೆ ತಾಳೆ ನೋಡುವುದು ಗುಮಾಸ್ತನ ಕೆಲಸ. ನೋಡಿದ. ಹೊಂದಲಿಲ್ಲ. ನ್ಯಾಯಾಧೀಶನಿಗೋ ಊಟ, ನಿದ್ದೆ, ತೀರ್ಪು ಮೂರೂ ಹೊತ್ತಿಗೆ ಸರಿಯಾಗಿ ಮುಗಿಯಬೇಕು. ಈ ದೂರು ಇವನದಲ್ಲ, ವಜಾ ಎಂದುಬಿಟ್ಟ.

“ತಪ್ಪೊಪ್ಪಿಗೆಯನ್ನೂ ಪಕ್ಕದಲ್ಲಿಟ್ಟು ನೋಡಿ, ಸ್ವಾಮಿ,” ಎಂದ ಕುಂಬಾರ.

ಗುಮಾಸ್ತ ಮೂರನ್ನೂ ಸಾಲಾಗಿ ಇಟ್ಟ. ಹಿಡಿದೊಯ್ಯುವ ಹಿಂದಿನ ದಿನದ ಕೈ ನೆಟ್ಟಗಿತ್ತು. ತಪ್ಪೊಪ್ಪಿಗೆಯ ಕೈಯಲ್ಲಿ ಬೆರಳುಗಳು ಆಗಲೇ ಮುರಿದಿದ್ದವು. ಒಪ್ಪಿಕೊಂಡ ಮೇಲೆ ಮುರಿದದ್ದಲ್ಲ, ಮುರಿದು ಒಪ್ಪಿಸಿದ್ದು. ಗುಮಾಸ್ತ ತಲೆ ಎತ್ತಿದ. ನ್ಯಾಯಾಧೀಶನಿಗೂ ಅರ್ಥವಾಗಿತ್ತು, ಕೊತ್ವಾಲನ ಮುಖವೂ ಕಪ್ಪಿಟ್ಟಿತ್ತು.

ನ್ಯಾಯಾಧೀಶ ಮಾತ್ರ, ದಫ್ತರದ ಗುರುತೇ ತಪ್ಪು, ಹೊಸದು ಒತ್ತಿಸಿಕೊಂಡು ಹಳೆಯ ಹಾಳೆ ಸುಡು ಎಂದು ಗುಮಾಸ್ತನಿಗೆ ಆಜ್ಞೆ ಮಾಡಿದ.

“ಸುಡಬೇಡಿ, ನನಗೆ ಕೊಟ್ಟುಬಿಡಿ,” ಎಂದು ಕುಂಬಾರ ಗುಮಾಸ್ತನನ್ನು ಬೇಡಿಕೊಂಡ. “ನನ್ನ ಕೈ ನೆಟ್ಟಗಿರುವುದು ಅದೊಂದರಲ್ಲೇ, ಅಣ್ಣಾ.”

ಗುಮಾಸ್ತನಿಗೆ ಕೆಲಸ ಉಳಿಯಬೇಕಿತ್ತು. ಹೇಡಿ. ಹಾಳೆಯನ್ನು ಬೆಂಕಿಗೆ ಹಾಕಿದ. ಕುಂಬಾರ ಅಂದಿನಿಂದ ದಿನವೂ ನ್ಯಾಯಸ್ಥಾನದ ಮೆಟ್ಟಿಲ ಮೇಲೆ ಬಂದು ಕೂರತೊಡಗಿದ.

ಮರಿದೇವನಿಗೆ ಸಿಟ್ಟು ತಡೆಯಲಾಗಲಿಲ್ಲ. “ಎಲ್ಲವನ್ನೂ ಕಣ್ಣಾರೆ ಕಂಡ ಆ ಗುಮಾಸ್ತನಾದರೂ ಬಾಯಿ ಬಿಡಬಾರದಿತ್ತೇ?”

“ನಾಳೆ ನೀನು ಹತ್ತುವ ಮೆಟ್ಟಿಲ ಮೇಲೆ ಆ ಕುಂಬಾರ ಕೂತಿರುತ್ತಾನೆ, ಒಳಗೆ ಕರೆಸು,” ಎಂದರು ಗುರುಗಳು. “ಸಾಕ್ಷಿಗೆ ನಾನು ಬರುತ್ತೇನೆ. ಹಾಳೆ ಸುಟ್ಟ ಗುಮಾಸ್ತ ನಾನೇ.”